ತಾವತ್ತಿನ ಹಗ್ಗ

ಪುಸ್ತಕಕ್ಕೆ ಮುಖಪುಟ ಮಾಡುವಾಗ ನಾನು ಮೊದಲು ಕೈಹಾಕುವುದು ಹೆಸರಿಗೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ತೆರೆದು, ಖಾಲಿ ಪುಟದ ನಡುವೆ ಹೆಸರನ್ನು ಕಪ್ಪಿನಲ್ಲಿ ದೊಡ್ಡದಾಗಿ ಟೈಪಿಸಿ ನೋಡುತ್ತ ಕೂರುತ್ತೇನೆ. ಓದುವಾಗ ಕಣ್ಣು ಅಕ್ಷರದ ಮೇಲೆ ನಿಲ್ಲುವುದಿಲ್ಲ, ಅರ್ಥದ ಕಡೆಗೆ ಓಡಿಬಿಡುತ್ತದೆ. ಪರದೆಯ ತುಂಬ ಹಿಗ್ಗಿಸಿದಾಗಲೇ ತಲೆಕಟ್ಟು ಎಲ್ಲಿ ಚಿಮ್ಮುತ್ತದೆ, ಗುಡಿಸು ಎಲ್ಲಿ ಸುತ್ತಿಕೊಳ್ಳುತ್ತದೆ, ಯಾವ ಒತ್ತು ಎಷ್ಟು ಕೆಳಗಿಳಿಯುತ್ತದೆ ಎಂಬುದೆಲ್ಲ ಕಾಣುವುದು. ಆ ನೋಟದ ಸುಖಕ್ಕಾಗಿಯೇ ನಾನು ಈ ಕೆಲಸಕ್ಕೆ ಮರಳಿ ಮರಳಿ ಬರುತ್ತೇನೆ.

ನನ್ನ ಪ್ರಬಂಧಗಳ ಸಂಕಲನಕ್ಕೆ ‘ಹಿತ್ತಿಲ ಬಾವಿ’ ಎಂದು ಹೆಸರಿಟ್ಟಿದ್ದೆ. ಅನೆಕ್ ಕನ್ನಡ ಎಂಬ ಫಾಂಟಿನಲ್ಲಿ ಅದನ್ನು ಎರಡು ಸಾಲಾಗಿ ಬರೆದೆ. ಒಂದೇ ಫಾಂಟನ್ನು ತೆಳ್ಳಗೆ, ದಪ್ಪಗೆ, ಅಗಲಕ್ಕೆ, ಒತ್ತಾಗಿ ಹೇಗೆ ಬೇಕಾದರೂ ಎಳೆದುಕೊಳ್ಳಬಹುದು. ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಿಟ್ಟದ್ದರಿಂದ ಮಾರಾಟದ ಪುಸ್ತಕಕ್ಕೂ ಬಳಸಬಹುದು, ಯಾರಿಗೂ ದುಡ್ಡು ಕೊಡಬೇಕಿಲ್ಲ. ಎರಡು ಸಾಲುಗಳನ್ನು ಹತ್ತಿರ ತಂದಾಗ ‘ತ್ತಿ’ಯ ತಾವತ್ತು ಕೆಳಗಿಳಿದು ‘ಬಾವಿ’ಯ ನೆತ್ತಿಗೆ ತಾಗಿತು. ಕನ್ನಡದಲ್ಲಿ ಎರಡು ಸಾಲಿನ ಹೆಸರು ಕೂರಿಸುವವರಿಗೆಲ್ಲ ಎದುರಾಗುವ ತೊಡಕು ಇದು: ಮೇಲಿನ ಸಾಲಿನ ಒತ್ತಿಗೂ ಕೆಳಗಿನ ಸಾಲಿನ ತಲೆಕಟ್ಟಿಗೂ ಒಂದೇ ಜಾಗ ಬೇಕು. ಸಾಮಾನ್ಯವಾಗಿ ಸಾಲುಗಳ ನಡುವಿನ ಅಂತರ ಹೆಚ್ಚಿಸಿ ಬಿಡಿಸಿಕೊಳ್ಳುತ್ತಾರೆ. ನಾನು ಕೆಳಗಿನ ಸಾಲನ್ನು ತುಸು ಎಡಕ್ಕೆ ಸರಿಸಿದೆ. ಒತ್ತು ನೇರವಾಗಿ ‘ಬಾ’ ಮತ್ತು ‘ವಿ’ಗಳ ನಡುವಿನ ಸಂದಿಗೆ ಬಂದು ನಿಂತಿತು.

ಆಗಲೇ ಹೊಳೆದದ್ದು, ಇದು ಹಗ್ಗ.

ಇಂಕ್‌ಸ್ಕೇಪಿನಲ್ಲಿ ಅಕ್ಷರವನ್ನು ಪಾತ್ ಆಗಿ ಬದಲಿಸಿದರೆ ಅದು ಟೈಪಿಸಿದ ಪಠ್ಯವಾಗಿ ಉಳಿಯುವುದಿಲ್ಲ, ಗೆರೆಯಾಗುತ್ತದೆ. ಗೆರೆಯ ಉದ್ದಕ್ಕೂ ನೋಡ್ ಎಂಬ ಪುಟ್ಟ ಚುಕ್ಕೆಗಳು. ಒಂದೊಂದು ಚುಕ್ಕೆಯ ಎರಡೂ ಕಡೆ ಹಿಡಿಗಳು, ಹಿಡಿ ಎಳೆದಂತೆ ಗೆರೆ ಬಾಗುತ್ತದೆ. ಕನ್ನಡದ ಅಕ್ಷರದಲ್ಲಿ ನೇರ ಗೆರೆ ಕಡಿಮೆ, ಹಾಗಾಗಿ ಈ ಹಿಡಿಗಳ ಜೊತೆ ಆಡುವುದು ಮಣೆಯ ಮೇಲೆ ಚಕ್ಕುಲಿ ಸುತ್ತಿದಷ್ಟೇ ಹಿತ. ತಾವತ್ತಿನ ತುದಿಯ ಚುಕ್ಕೆಗಳನ್ನು ಹಿಡಿದು ಕೆಳಗೆ ಎಳೆದೆ. ‘ಬಾವಿ’ಯ ನಡುವಿನಿಂದ ಇಳಿದು, ಬಿಳಿ ಪುಟವನ್ನು ಸೀಳಿಕೊಂಡು, ಅಡಿಯಲ್ಲಿ ಬರೆದ ನೀಲಿ ವೃತ್ತದವರೆಗೂ ಅದು ಬಂತು. ಹಗ್ಗ ತೀರ ನೆಟ್ಟಗಾದರೆ ಕಂಬಿಯಂತೆ ಕಾಣುತ್ತದೆ, ತೀರ ಬಳುಕಿದರೆ ಬಳ್ಳಿಯಾಗುತ್ತದೆ. ತುಂಬಿದ ಕೊಡದ ಭಾರಕ್ಕೆ ಹಗ್ಗ ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ತನಕ ಎರಡು ಸಂಜೆ ಅದೇ ಗೆರೆಯ ಮುಂದೆ ಕೂತಿದ್ದೆ. ಮುಂಪುಟಕ್ಕೆ ಬಾವಿಯ ಫೋಟೊ ಹಾಕುವ ಯೋಚನೆ ಅಲ್ಲಿಗೇ ಬಿಟ್ಟೆ. ಹೆಸರಿನಲ್ಲೇ ಬಾವಿ ಇರುವಾಗ ಫೋಟೊ ಅದನ್ನೇ ಇನ್ನೊಮ್ಮೆ ಹೇಳುತ್ತದೆ, ಅಷ್ಟೆ. ನಮ್ಮ ಎಷ್ಟೋ ಮುಖಪುಟಗಳು ಸೊರಗುವುದು ಇದರಿಂದಲೇ ಎಂದು ನನ್ನ ಅನಿಸಿಕೆ. ಹಿಂದೆ ಕಲಾವಿದರು ಪುಸ್ತಕದ ಹೆಸರನ್ನು ಕೈಯಿಂದಲೇ ಬರೆಯುತ್ತಿದ್ದರು. ಅಕ್ಷರವೂ ಚಿತ್ರದ ಭಾಗವೇ ಆಗಿರುತ್ತಿತ್ತು.

ಫೋಟೊ ಬೇಕೇ ಬೇಕೆಂದಾಗ ಗಿಂಪ್ ಇದೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, 1995ರಲ್ಲಿ ಶುರುಮಾಡಿದ್ದು ಇವತ್ತಿಗೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ತಂತ್ರಾಂಶ. ಬೆನ್ನುಡಿಯ ಹಿಂದೆ ಮಾಸಲಾಗಿ ಕಾಣುವ ಕೆಂಪುಕಲ್ಲಿನ ಕಟ್ಟೆಯನ್ನು ಅದರಲ್ಲೇ ಹದಗೊಳಿಸಿದೆ.

ಇಷ್ಟಾದ ಮೇಲೆ ಅಳತೆಯ ಕೆಲಸ. ಅದೂ ನನಗಿಷ್ಟವೇ. ಪ್ರೆಸ್ಸಿಗೆ ಫೋನು ಮಾಡಿ ಬೆನ್ನಿನ ಅಗಲ ಕೇಳಿದೆ. “ಎಪ್ಪತ್ತು ಜಿಎಸ್ಎಂ ಮ್ಯಾಪ್‌ಲಿಥೋ, ನೂರರವತ್ತು ಪೇಜಲ್ವಾ ಸಾರ್? ಎಂಟು ಮಿಲಿಮೀಟರ್ ಇಟ್ಕೊಳ್ಳಿ. ಟೈಟಲ್ ಮಾತ್ರ ಕರ್ವ್ ಮಾಡಿ ಕೊಡಿ, ನಿಮ್ಮ ಫಾಂಟ್ ನಮ್ಮ ಸಿಸ್ಟಮಲ್ಲಿ ಇರಲ್ಲ.” ಪುಸ್ತಕದ ಅಳತೆ ಡೆಮಿ 1/8, ಎಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮುಂದಿನದು 140, ಹಿಂದಿನದು 140, ಬೆನ್ನು 8, ಕತ್ತರಿಸಲು ಎಡಬಲ ಮೂರು ಮೂರು: ಒಟ್ಟು 294 ಮಿಲಿಮೀಟರ್ ಅಗಲದ ಒಂದೇ ಹಾಳೆ. ಪುಸ್ತಕ ಕಪಾಟು ಸೇರಿದ ಮೇಲೆ ಜಗತ್ತಿಗೆ ಕಾಣುವುದು ಆ ಎಂಟು ಮಿಲಿಮೀಟರ್ ಮಾತ್ರ, ಆದ್ದರಿಂದ ಬೆನ್ನಿನ ಮೇಲಿನ ಹೆಸರಿಗೆ ನಾನು ಮುಂಪುಟದಷ್ಟೇ ಹೊತ್ತು ಕೊಡುತ್ತೇನೆ.

ಕೊನೆಯ ಜೋಡಣೆ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ. ಅದರ 1.4ರ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲುತ್ತಿತ್ತು, 1.5ರ ಸರಣಿಯಲ್ಲಿ ಸರಿಹೋಯಿತು. ಬಣ್ಣವನ್ನು ಮುದ್ರಣದ ನಾಲ್ಕು ಶಾಯಿಗಳಿಗೆ ಹೊಂದಿಸುವುದು ಅಲ್ಲಿಯೇ. ಪರದೆಯ ಮೇಲೆ ಬೆಳಕಾಗಿ ಹೊಳೆಯುವ ನೀಲಿ, ಕಾಗದದ ಮೇಲೆ ನೇರಳೆಗೆ ತಿರುಗುತ್ತದೆ. ಸಯಾನ್ ನೂರಿದ್ದಾಗ ಮೆಜೆಂಟಾ ಎಪ್ಪತ್ತರೊಳಗೆ ಇಟ್ಟುಕೊಂಡರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಬಾವಿಯ ತಳಕ್ಕೆ ನಾನು ಅರವತ್ತು ಇಟ್ಟೆ.

ಈಗ ಗೆಳತಿಯೊಬ್ಬಳ ಮಕ್ಕಳ ಪದ್ಯಗಳ ಪುಸ್ತಕ ಕೈಯಲ್ಲಿದೆ, ‘ಚಿಕ್ಕಪ್ಪನ ಛತ್ರಿ’. ಗುಂಡಗುಂಡಗಿನ ಬಲೂ ತಮ್ಮ ಫಾಂಟು ಹೆಸರಿಗೆ ಚೆನ್ನಾಗಿ ಒಪ್ಪಿದೆ. ‘ತ್ರಿ’ಯ ರಾವತ್ತು ಆಗಲೇ ಅರ್ಧ ಕೊಡೆಯ ಹಿಡಿಯಂತಿದೆ, ಇನ್ನೊಂದಿಷ್ಟು ಬಗ್ಗಿಸಿದರೆ ಸಾಕು. ಆದರೆ ಅದು ಸಾಲಿನ ತುದಿಯಲ್ಲಿದ್ದು ಪುಟದ ಬಲ ಅಂಚಿಗೆ ತೀರ ಹತ್ತಿರ ಬರುತ್ತದೆ; ಕತ್ತರಿಯ ಗೆರೆಯಿಂದ ಐದು ಮಿಲಿಮೀಟರಾದರೂ ಒಳಗಿರಬೇಕು. ‘ಚಿಕ್ಕಪ್ಪನ’ವನ್ನು ಮೇಲಿನ ಸಾಲಿಗೆ ಏರಿಸಿ ‘ಛತ್ರಿ’ಯನ್ನು ನಡುವಿಗೆ ತರೋಣವೆಂದರೆ, ಕಾವತ್ತು ಪಾವತ್ತು ಎರಡೂ ಛತ್ರಿಯ ಮೇಲೆಯೇ ಇಳಿಯುತ್ತವೆ. “ಇಳೀಲಿ ಬಿಡೋ, ಮಳೆ ಅಂತ ಮಾಡು” ಎಂದಿದ್ದಾಳೆ ಅವಳು. ಇವತ್ತು ರಾತ್ರಿ ಮಾಡಿ ನೋಡಬೇಕು.