ಬಟ್ಟಲು ತುಂಬ ನೀರು

"ಅಜ್ಜಾ, ಇದು ನೀರು ಕುಡೀಲಿಕ್ಕೇ ಒಲ್ಲದು" ಎಂದು ಮೊಮ್ಮಗ ಬಂದು ಹೇಳಿದಾಗ ನಾನು ಮುಂಜಾನೆಯ ಪತ್ರಿಕೆ ಓದುತ್ತಿದ್ದೆ. ಎದ್ದು ಹೋಗಿ ನೋಡಿದೆ. ಗಾಜಿನ ಪೆಟ್ಟಿಗೆಯೊಳಗೆ ಒಂದು ಒಣಕೊಂಬೆ, ಕೊಂಬೆಯ ಮೇಲೆ ಗೋಸುಂಬೆ, ಅದರ ಎದುರಿಗೇ ಬಟ್ಟಲು ತುಂಬ ನೀರು. ಪ್ರಾಣಿಯ ಕಣ್ಣುಗಳು ಒಳಗೆ ಇಳಿದಿದ್ದವು. ನನ್ನ ಎದೆ ಧಸಕ್ಕೆಂದಿತು. ಈ ನೋಟವನ್ನು ನಾನು ಒಮ್ಮೆ ನೋಡಿದ್ದೆ, 1966ರ ಬೇಸಿಗೆಯಲ್ಲಿ, ಹಾವೇರಿಯ ಹತ್ತಿರದ ನಮ್ಮೂರಿನಲ್ಲಿ.

ಆಗ ನನಗೆ ಒಂಬತ್ತು ವರ್ಷ. ಹೊಲದ ಬೇಲಿಯಲ್ಲಿ ಸಿಕ್ಕ ಗೋಸುಂಬೆಯೊಂದನ್ನು ಹಿಡಿದು ತಂದು, ಬಿಸ್ಕೀಟಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಅದರೊಳಗೆ ಇಟ್ಟೆ. ಊರ ಹುಡುಗರು ಅದಕ್ಕೆ ವಿಷವಿದೆಯೆಂದು ಕಲ್ಲು ಹೊಡೆಯುತ್ತಿದ್ದರು. ನಾನಾದರೋ ಅದನ್ನು ಉಳಿಸಿದೆನೆಂಬ ಹೆಮ್ಮೆಯಲ್ಲಿದ್ದೆ. ಅವ್ವನ ಕಣ್ಣು ತಪ್ಪಿಸಿ ದೇವರ ಮನೆಯ ಹಿತ್ತಾಳೆ ಬಟ್ಟಲಲ್ಲಿ ನೀರು ಇಟ್ಟೆ, ಸತ್ತ ನೊಣ ಇಟ್ಟೆ. ನಾಲ್ಕನೆಯ ದಿನ ಮುಚ್ಚಳ ತೆಗೆದರೆ ಅದು ಕಪ್ಪಾಗಿ ಒರಗಿತ್ತು. ಬಟ್ಟಲಲ್ಲಿ ನೀರು ಇಟ್ಟಷ್ಟೂ ಇತ್ತು. ಬೇಲಿಯ ಬುಡದಲ್ಲಿ ಹುಗಿದು ಬಂದೆ; ಯಾರಿಗೂ ಹೇಳಲಿಲ್ಲ. ನೀರು ಎದುರಿಗಿದ್ದೂ ಅದು ಯಾಕೆ ಸತ್ತಿತೆಂಬುದು ನನಗೆ ಬಗೆಹರಿಯಲೇ ಇಲ್ಲ.

ಡೊಂಬಿವಲಿಯ ನಮ್ಮ ಮನೆಗೆ ಬಂದದ್ದು ನಮ್ಮ ಸೀಮೆಯ ಗೋಸುಂಬೆಯಲ್ಲ. ಅದರ ಮೂಲ ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗ. ತಲೆಯ ಮೇಲೆ ಗೋಪುರದಂಥ ಏಣು, ಹಸಿರು ಮೈಗೆ ಹಳದಿ ಪಟ್ಟೆ. ಪರಿಚಯದ ಕುಟುಂಬವೊಂದು ಪರದೇಶಕ್ಕೆ ಹೊರಟಾಗ ಮೊಮ್ಮಗನಿಗೆ ಕೊಟ್ಟುಹೋದದ್ದು. ಇಂಥ ವಿದೇಶಿ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಸರಕಾರದ 'ಪರಿವೇಶ್' ತಾಣದಲ್ಲಿ ನೋಂದಾಯಿಸಬೇಕು. ಕೈ ಬದಲಾದರೂ ತಿಳಿಸಬೇಕು. ಕಾಗದಪತ್ರದ ಕೆಲಸವನ್ನೆಲ್ಲ ಮಗ ಸರಿಯಾಗಿಯೇ ಮಾಡಿದ್ದ. ತಪ್ಪಿದ್ದು ಮನೆಯೊಳಗೆ. ಅಟ್ಟದಲ್ಲಿದ್ದ ಹಳೆಯ ಮೀನಿನ ತೊಟ್ಟಿಯನ್ನು ತೊಳೆದು ಅದರಲ್ಲಿ ಬಿಟ್ಟಿದ್ದೆವು.

ಅಂದೇ ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಇಂಥ ಪ್ರಾಣಿಗಳನ್ನು ಬಲ್ಲ ಪಶುವೈದ್ಯರೊಬ್ಬರ ಬಳಿಗೆ ಅಜ್ಜ ಮೊಮ್ಮಗ ಇಬ್ಬರೂ ಹೋದೆವು. ಅವರು ಮೊದಲು ಕೇಳಿದ್ದು, "ನೀರು ಹೇಗೆ ಕೊಡುತ್ತೀರಿ?" ಎಂದು. ಬಟ್ಟಲು ಎಂದೆವು. ಅವರು ತಲೆಯಾಡಿಸಿ, "ಗೋಸುಂಬೆಗೆ ನಿಂತ ನೀರು ನೀರೆಂದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅದು ಕುಡಿಯುವುದು ಎಲೆಯ ಮೇಲಿನ ಹನಿಯನ್ನು. ಮಳೆ, ಇಬ್ಬನಿ, ಅಷ್ಟೇ ಅದಕ್ಕೆ ತಿಳಿದ ನೀರು" ಎಂದರು. ಎಷ್ಟೋ ವರ್ಷ ಹೊತ್ತಿದ್ದ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಸಿಕ್ಕಿತು. ನಾನು ಸುಮ್ಮನೆ ಕುಳಿತೆ.

ಆಮೇಲೆ ಅವರು ಹೇಳಿದ್ದನ್ನು ಮೊಮ್ಮಗ ವಹಿಯಲ್ಲಿ ಬರೆದುಕೊಂಡ. ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಸಾಲದ್ದಕ್ಕೆ ತನ್ನ ಪ್ರತಿಬಿಂಬವನ್ನೇ ಕಂಡು, ಎದುರಾಳಿ ಬಂದನೆಂದು ಅದು ಹಗಲೆಲ್ಲ ಬೆದರಿರುತ್ತದೆ. ಬೇಕಾದದ್ದು ಜಾಲರಿಯ ಗೂಡು. ಬೆಳೆದ ಗೋಸುಂಬೆಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರ. ಅದು ಮರದ ಪ್ರಾಣಿ, ನೆಲದ್ದಲ್ಲ. ಎತ್ತರದಲ್ಲಿದ್ದರೇ ಅದಕ್ಕೆ ಧೈರ್ಯ. ಒಂದು ಗೂಡಿಗೆ ಒಂದೇ ಪ್ರಾಣಿ. ಜೊತೆಗೆ ಇನ್ನೊಂದನ್ನು ಬಿಟ್ಟರೆ ಅದು ಸಂಗಾತಿಯಲ್ಲ, ಹಗೆ. ಹೆಣ್ಣಾದರೆ ಗಂಡಿಲ್ಲದೆಯೂ ಮೊಟ್ಟೆಯಿಡುತ್ತದೆ. ಅದಕ್ಕೆ ಅಗೆದು ಇಳಿಯಲು ಒಂದಡಿ ಆಳದ ಹಸಿಮಣ್ಣು ಬೇಕು. ಇಲ್ಲವಾದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ.

ಬಿಸಿಲಿನ ವಿಷಯದಲ್ಲಿ ನಾವು ಇನ್ನೊಂದು ತಪ್ಪು ಮಾಡಿದ್ದೆವು. ಕಿಟಕಿಯ ಪಕ್ಕ ಇಟ್ಟಿದ್ದೇವಲ್ಲ ಎಂದು ಸಮಾಧಾನಪಟ್ಟಿದ್ದೆವು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ. ಎಲುಬಿಗೆ ಬೇಕಾದ ಯುವಿಬಿ ಕಿರಣವನ್ನು ತಡೆಯುತ್ತದೆ. ಆ ಕಿರಣವಿಲ್ಲದೆ ಮೈಯಲ್ಲಿ ಡಿ ಜೀವಸತ್ವ ಹುಟ್ಟದು. ಅದಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತದು. ಕಾಲೆಲುಬು ಮೆತ್ತಗಾಗಿ ಬಾಗುತ್ತದೆ. ಅದಕ್ಕೆಂದೇ ಯುವಿಬಿ ಕೊಳವೆದೀಪವಿದೆ. ಬೆಳಕು ಕಾಣುತ್ತಿದ್ದರೂ ಅದರ ಕಸುವು ತೀರುತ್ತದೆಯಾದ್ದರಿಂದ ಆರು ತಿಂಗಳಿಗೋ ವರ್ಷಕ್ಕೋ ಬದಲಿಸಬೇಕು. ದಿನಕ್ಕೆ ಹನ್ನೆರಡು ತಾಸು ಬೆಳಕು, ರಾತ್ರಿ ಪೂರ್ತಿ ಕತ್ತಲೆ. ಮೇಲಿನ ಕೊಂಬೆಯ ಹತ್ತಿರ 30 ಡಿಗ್ರಿಯ ಆಸುಪಾಸು ಶಾಖ, ಕೆಳಗೆ ಎಲೆಗಳ ನಡುವೆ ತಂಪು. ದೀಪಗಳು ಜಾಲರಿಯ ಹೊರಗಿರಬೇಕು, ಒಳಗಿದ್ದರೆ ಮೈ ಸುಟ್ಟುಕೊಳ್ಳುತ್ತದೆ. ನಮ್ಮ ಮುಂಬಯಿಯ ಮೇ ತಿಂಗಳಲ್ಲಿ ಶಾಖದ ದೀಪದ ಗೊಡವೆಯೇ ಬೇಡ.

ಬಡಿಗನಿಂದ ಗೂಡು ಮಾಡಿಸಿದ್ದಾಯಿತು. ಇಡುವುದೆಲ್ಲಿ? ಒಂದೂವರೆ ಕೋಣೆಯ ಸಂಸಾರ ನಮ್ಮದು. ಸೊಸೆ ಮರುಮಾತಾಡದೆ ತನ್ನ ಹೊಲಿಗೆ ಯಂತ್ರವನ್ನು ಮಂಚದ ಬದಿಗೆ ಸರಿಸಿದಳು. ಒಳಗೆ ದಾಸವಾಳದ ಕುಂಡ ಇಟ್ಟೆವು. ಔಷಧಿ ಹೊಡೆದ ಗಿಡವಾಗಿರಬಾರದೆಂದು ಎಲೆಎಲೆ ತೊಳೆದೆವು. ಮನೆಯಲ್ಲಿ ಸಿಕ್ಕ ಜಿರಲೆಯನ್ನು ಹಾಕೋಣವೆಂದರೆ ಅದೂ ಔಷಧಿ ತಿಂದದ್ದಿರಬಹುದು. ಆದ್ದರಿಂದ ಸಾಕಿದ ಕ್ರಿಕೆಟ್ ಹುಳುಗಳನ್ನೇ ತಂದು, ಅವಕ್ಕೆ ಮೊದಲು ಸೊಪ್ಪು, ಗಜ್ಜರಿ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಹಚ್ಚಿ ಬಿಡುತ್ತೇವೆ. ಗೂಡಿನ ಮೇಲೊಂದು ಲೋಟ; ತಳದಲ್ಲಿ ಸೂಜಿಯ ತೂತು. ಹನಿ ಎಲೆಯಿಂದ ಎಲೆಗೆ ಜಾರುತ್ತದೆ. ನಡುನಡುವೆ ಎಲೆ ಒಣಗಲೂ ಬೇಕು, ಇಲ್ಲವಾದರೆ ಮಳೆಗಾಲದ ಥಂಡಿಗೆ ಎದೆ ಕಟ್ಟುತ್ತದೆ.

ಮೂರನೆಯ ಮುಂಜಾನೆ ಅದು ಒಂದು ಕಣ್ಣನ್ನು ನಮ್ಮತ್ತ, ಇನ್ನೊಂದನ್ನು ಎಲೆಯತ್ತ ತಿರುಗಿಸಿ, ನಿಧಾನವಾಗಿ ಮುಂದೆ ಬಂದು ಹನಿಯನ್ನು ನೆಕ್ಕಿತು. ಮತ್ತೊಂದು, ಮಗುದೊಂದು. ಮೊಮ್ಮಗ ಉಸಿರು ಬಿಗಿಹಿಡಿದು ನಿಂತಿದ್ದ. ವಾರದಲ್ಲಿ ಕಣ್ಣು ತುಂಬಿಕೊಂಡವು, ಮೈ ಹಸಿರಾಯಿತು. ಬಣ್ಣ ಬದಲಿಸುವವರನ್ನು ನಾವು ಗೋಸುಂಬೆ ಎಂದು ಬಯ್ಯುತ್ತೇವಷ್ಟೆ. ಆದರೆ ಅದು ಬಣ್ಣ ಬದಲಿಸುವುದು ಮೋಸಕ್ಕಲ್ಲ. ಚಳಿ, ಸೆಕೆ, ಸಿಟ್ಟು, ಅಂಜಿಕೆಗಳನ್ನು ಚರ್ಮದಲ್ಲಿಯೇ ತೋರಿಸಿಬಿಡುತ್ತದೆ. ಚರ್ಮದ ಕಣಗಳೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹಿಗ್ಗಿ ಕುಗ್ಗಿ ಈ ಬಣ್ಣ ಬದಲಾಗುತ್ತದೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಒಂದು ಜಾತಿಯಲ್ಲಿ ತೋರಿಸಿಕೊಟ್ಟರು. ನಮ್ಮದು ಕಪ್ಪಾಗಿ ಕೂತಿದ್ದ ದಿನಗಳಲ್ಲಿ ಅದು ಹೇಳುತ್ತಿದ್ದುದನ್ನು ನಾವು ಓದಲಿಲ್ಲ.

ಆ ಹನಿಗಳನ್ನು ನೋಡುತ್ತ ನನಗೆ ಅವ್ವನ ನೆನಪಾಯಿತು. ಅಪ್ಪ ತೀರಿಹೋದ ಮೇಲೆ 1984ರಲ್ಲಿ ಅವಳನ್ನು ಇಲ್ಲಿಗೆ ಕರೆತಂದೆ. ಮಂಚ, ಫ್ಯಾನು, ಟೀವಿ, ಹೊತ್ತಿಗೆ ಸರಿಯಾಗಿ ಊಟ, ಎಲ್ಲ ಇತ್ತು. ದಿನದಿನಕ್ಕೆ ಅವಳು ಸೊರಗಿದಳು. ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುವುದೇ ಅವಳಿಗೆ ಅನ್ನ ನೀರಾಗಿತ್ತೆಂದು ನನಗೆ ಹೊಳೆಯಲಿಲ್ಲ. ಮೂರು ತಿಂಗಳಿಗೆ ಊರಿಗೆ ತಿರುಗಿ ಹೋದಳು. "ಏನು ಕಮ್ಮಿ ಮಾಡಿದ್ದೆ ನಿನಗೆ?" ಎಂದು ನಾನು ಸಿಟ್ಟಿನಿಂದ ಕೇಳಿದ್ದೆ.

ಮೊನ್ನೆ ಮೊಮ್ಮಗ, "ರಜೆಯಾಗ ಊರಿಗೆ ಹೋದಾಗ ಇದಕ್ಕೊಂದು ಜೋಡಿ ಹಿಡಕೊಂಡು ಬರೋಣೇನಜ್ಜಾ?" ಎಂದ. ಬೇಡಪ್ಪಾ ಎಂದೆ. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲ ಅಪರಾಧ. ಆದರೆ ಹುಡುಗನಿಗೆ ಕಾಯಿದೆಯಷ್ಟನ್ನೇ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಪಕ್ಕಕ್ಕೆ ಕೂಡಿಸಿಕೊಂಡು ಬಿಸ್ಕೀಟಿನ ಡಬ್ಬಿಯ ಕಥೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಲೋಟಕ್ಕೆ ನೀರು ತುಂಬಿದ.