ಕರೆದರೆ ಬಂದೀತೇ ಕಯೋಟಿ?

ನಮ್ಮಲ್ಲಿ ಕರೆಯುವುದೆಂದರೆ ಉಣ್ಣಲು ಕರೆಯುವುದು. ಹಸುವನ್ನು ಹೆಸರು ಹಿಡಿದು ಕರೆಯುತ್ತೇವೆ, ಕೋಳಿಯನ್ನು ಕಾಳು ಚೆಲ್ಲಿ ಕರೆಯುತ್ತೇವೆ, ತಿಥಿಯ ದಿನ ಪಿಂಡ ಇಟ್ಟು ‘ಕಾ ಕಾ’ ಎಂದು ಕಾಗೆಯನ್ನೂ ಕರೆಯುತ್ತೇವೆ. ಕಾಗೆ ತಡಮಾಡಿತೋ, ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಕಾಗೆಯ ಮಾತು ಇರಲಿ, ಆಮೇಲೆ ಬರುತ್ತದೆ. ನಾನು ಹೇಳಹೊರಟದ್ದು ಕಯೋಟಿಯ ವಿಷಯ.

ಅಮೆರಿಕದ ಪ್ರಾಣಿ ಇದು. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಮೆಕ್ಸಿಕೋದ ಹಳೆಯ ನಹುವಾಟ್ಲ್ ಭಾಷೆಯ ‘ಕೊಯೋಟ್ಲ್’ ಸ್ಪ್ಯಾನಿಷರ ನಾಲಗೆಯಲ್ಲಿ ಹೊರಳಿ ಈ ಹೆಸರಾಯಿತು. 1823ರಲ್ಲಿ ಥಾಮಸ್ ಸೇ ಎಂಬ ಪ್ರಾಣಿಶಾಸ್ತ್ರಜ್ಞ ಇಟ್ಟ ಲ್ಯಾಟಿನ್ ಹೆಸರಿಗೆ ‘ಬೊಗಳುವ ನಾಯಿ’ ಎಂದರ್ಥ. ಬೊಗಳುವುದಷ್ಟೇ ಅಲ್ಲ, ಊಳಿಡುತ್ತದೆ, ಕುಂಯ್‌ಗುಟ್ಟುತ್ತದೆ; ಎರಡೇ ಇದ್ದರೂ ಹತ್ತು ಇವೆಯೇನೋ ಅನ್ನಿಸುವಂತೆ ದನಿ ಮುರಿದು ಹಾಡುತ್ತದೆ.

ಮಗಳು ಇರುವ ಸೌತ್ ಡಕೋಟಾದಲ್ಲಿ 1949ರಿಂದ ಕಯೋಟಿಯೇ ರಾಜ್ಯಪ್ರಾಣಿ. ನಮಗೆ ಆನೆ ಇದ್ದಂತೆ. ಆದರೆ ಆನೆಯ ಮೇಲೆ ಬಂದೂಕು ಎತ್ತಿದವರು ಜೈಲಿಗೆ ಹೋಗುತ್ತಾರೆ; ಅಲ್ಲಿ ಪರವಾನಗಿ ಇದ್ದವರು ಕಯೋಟಿಯನ್ನು ವರ್ಷವಿಡೀ ಹೊಡೆಯಬಹುದು. ಇದು ಹೇಗೆ ಸ್ವಾಮಿ ಎಂದು ಮಗಳ ಸಹೋದ್ಯೋಗಿಯ ತಂದೆಯನ್ನು ಕೇಳಿದೆ. ಕುರಿ ಸಾಕುವ ಮನುಷ್ಯ, ಎಪ್ಪತ್ತು ದಾಟಿದೆ. ‘ಕುರಿಗಳು ಮರಿ ಹಾಕುವ ಹೊತ್ತಿಗೆ ಬನ್ನಿ, ಗಂಟಲಲ್ಲಿ ಎರಡು ತೂತು ಬಿದ್ದ ಮರಿಗಳನ್ನು ತೋರಿಸುತ್ತೇನೆ’ ಎಂದರು. ನಮ್ಮ ಚಿತ್ರದುರ್ಗದ ಕಡೆಯ ಕುರಿಗಾಹಿಗಳು ತೋಳದ ಬಗ್ಗೆ ಮಾತಾಡುವಾಗಲೂ ಇದೇ ಮುಖ ನೋಡಿದ್ದೇನೆ. ದ್ವೇಷವಲ್ಲ, ನೋವು.

ಹಾಗೆ ಜನವರಿಯ ಒಂದು ಬೆಳಗಿನ ಜಾವ ಅವರ ಜೊತೆ ಹೋದೆ. ಎಂಥ ಚಳಿ! ಹೆಜ್ಜೆ ಇಟ್ಟರೆ ಹಿಮ ಕರಕರ ಅನ್ನುತ್ತಿತ್ತು. ಗಾಡಿಯ ಬಾಗಿಲನ್ನು ಅವರು ಬಡಿದು ಮುಚ್ಚಲಿಲ್ಲ, ಮೆಲ್ಲಗೆ ಒತ್ತಿದರು. ಮಾತಿಲ್ಲ, ಕೆಮ್ಮಿಲ್ಲ. ಇಬ್ಬರೂ ಬಿಳಿಯ ನಿಲುವಂಗಿ ತೊಟ್ಟು ಒಣಹುಲ್ಲಿನ ಸುರುಳಿಗೆ ಬೆನ್ನು ಕೊಟ್ಟು ಕೂತೆವು. ಎಲ್ಲಿ ಕೂರಬೇಕೆನ್ನುವುದನ್ನು ಗಾಳಿಯೇ ಹೇಳುತ್ತದಂತೆ. ಕೂಗು ಕೇಳಿದ ಕಯೋಟಿ ನೆಟ್ಟಗೆ ಬರುವುದು ಕಡಿಮೆ. ಸುತ್ತು ಹಾಕಿ, ನಮ್ಮ ಮೈ ಮೇಲಿಂದ ಹಾದುಹೋದ ಗಾಳಿಯನ್ನು ಮೂಸಿಯೇ ಮುಂದಿನ ಯೋಚನೆ.

ಅವರು ಒಳಜೇಬಿನಿಂದ ಒಂದು ಪೀಪಿ ತೆಗೆದರು. ಒಳಜೇಬೇ ಯಾಕೆ? ಹೊರಗಿಟ್ಟರೆ ಉಸಿರಿನ ಪಸೆ ಹೆಪ್ಪುಗಟ್ಟಿ ಪೀಪಿಯ ನಾಲಗೆ ಸೆಟೆದುಕೊಳ್ಳುತ್ತದೆ. ಮೊದಲು ಮೆಲ್ಲಗೆ ಊದಿದರು, ಹತ್ತಿರದಲ್ಲೇ ಯಾವುದಾದರೂ ಮಲಗಿದ್ದರೆ ಬೆದರಬಾರದೆಂದು. ಆಮೇಲೆ ಜೋರಾಗಿ. ಹದ್ದಿನ ಉಗುರಿಗೆ ಸಿಕ್ಕ ಮೊಲದ ಚೀತ್ಕಾರ ಅದು, ಥೇಟ್ ಎಳೆಕೂಸಿನ ಅಳು. ಸುಳ್ಳೆಂದು ಗೊತ್ತಿದ್ದೂ ಹೊಟ್ಟೆ ಕಿವುಚಿತು. ಉಣ್ಣಲು ಕರೆಯುವುದನ್ನಷ್ಟೇ ಕಂಡವನಿಗೆ ಈ ಕರೆ ಒಗ್ಗುವುದು ಸುಲಭವೇ?

ಈ ವಿದ್ಯೆ ಹೊಸದೇನಲ್ಲ. ಕುಮಾವೂನಿನ ಥಾಕ್‌ನಲ್ಲಿ ಕಾರ್ಬೆಟ್ 1938ರಲ್ಲಿ ನರಭಕ್ಷಕ ಹೆಣ್ಣುಹುಲಿಯನ್ನು ಹತ್ತಿರ ಕರೆಸಿಕೊಂಡದ್ದು ಹುಲಿಯ ದನಿಯಲ್ಲಿ ಕೂಗಿಯೇ. ಅಮೆರಿಕದಲ್ಲಿ ಟೆಕ್ಸಾಸಿನ ಮಾರ್ಬಲ್ ಫಾಲ್ಸ್‌ನ ಬರ್ನಮ್ ಸಹೋದರರು ಇಂಥ ಪೀಪಿಗಳನ್ನು ಮಾರಿ ಹೆಸರಾದರು. ಈಗ ನೂರಾರು ಕೂಗು ತುಂಬಿದ, ರಿಮೋಟಿನಿಂದ ನಡೆಯುವ ಪೆಟ್ಟಿಗೆಗಳೇ ಬಂದಿವೆ. ಯಜಮಾನರಿಗೆ ಅದು ಹಿಡಿಸದು. ಡಿಸೆಂಬರಿನಲ್ಲಿ ಮನೆ ಬಿಟ್ಟು ಅಲೆಯುವ ಮರಿಗಯೋಟಿಗಳಿಗೆ ಮೊಲದ ಕೂಗು ಸಾಕು. ಜನವರಿ ಕಳೆಯುತ್ತಲೇ ಜೋಡಿಯಾಗುವ ಕಾಲ, ಆಗ ಊಳು ಹಾಕಿದರೆ ತನ್ನ ಸರಹದ್ದಿಗೆ ಯಾರೋ ನುಗ್ಗಿದ್ದಾರೆಂದು ಎದ್ದು ಬರುತ್ತದೆ. ಯಾವಾಗ ಯಾವುದು ಎಂಬುದನ್ನು ಪೆಟ್ಟಿಗೆ ಹೇಳೀತೇ?

ಮೊದಲ ಜಾಗದಲ್ಲಿ ಬಂದದ್ದು ನೂರು ಗಜ ದೂರದಲ್ಲಿ ನಿಂತು, ಮೂಗೆತ್ತಿ, ತಿರುಗಿ ನಡೆದೇಬಿಟ್ಟಿತು. ಎರಡನೆಯ ಜಾಗದಲ್ಲಿ ಹದಿನೈದು ನಿಮಿಷ ಕಳೆದಿರಬಹುದು, ತೊರೆಯ ಪಾತ್ರದಿಂದ ಒಂದು ಎದ್ದು ದುಡುದುಡು ಬಂತು. ಅವರು ಬಾಯಲ್ಲೇ ‘ವುಫ್’ ಎಂದರು. ನಿಂತಿತು. ಒಂದೇ ಗುಂಡು.

ಹತ್ತಿರ ಹೋಗಿ ಕೈಗವಸು ಕಳಚಿ ಮುಟ್ಟಿದೆ. ಮೇಲೆ ಕಪ್ಪುತುದಿಯ ಉದ್ದ ಕೂದಲು, ಒಳಗೆ ಬೂದುಬಣ್ಣದ ದಟ್ಟ ತುಪ್ಪಳ. ಬೆರಳು ಬಿಸಿಯವರೆಗೆ ಇಳಿಯಿತು. ಮೀಸೆಯ ಮೇಲೆ ಅದರ ಕೊನೆಯ ಉಸಿರು ಇಬ್ಬನಿಯಾಗಿ ಕೂತಿತ್ತು. ಯಜಮಾನರು ಟೋಪಿ ತೆಗೆದು ಒಂದು ಗಳಿಗೆ ಸುಮ್ಮನೆ ನಿಂತರು. ಚಳಿಗಾಲದ ಈ ತುಪ್ಪಳಕ್ಕೆ ಒಂದು ಕಾಲದಲ್ಲಿ ಒಳ್ಳೆಯ ಬೆಲೆ ಇತ್ತು, ಕೋಟಿನ ಟೋಪಿಯ ಅಂಚಿಗೆ. ಕೆನಡಾ ಗೂಸ್ ಕಂಪನಿ ತುಪ್ಪಳದ ಬಳಕೆ ನಿಲ್ಲಿಸುವುದಾಗಿ 2021ರಲ್ಲಿ ಸಾರಿತು. ಹೊಡೆದ ಲೆಕ್ಕಕ್ಕೆ ಬಹುಮಾನ ಕೊಡುವ ಪಂದ್ಯಗಳನ್ನು 2014ರಲ್ಲಿ ಕ್ಯಾಲಿಫೋರ್ನಿಯಾ, ಆಮೇಲೆ ಇನ್ನೂ ಕೆಲವು ರಾಜ್ಯಗಳು ನಿಷೇಧಿಸಿದವು. ಆ ನಿಷೇಧ ನನಗೆ ಸರಿ ಅನ್ನಿಸುತ್ತದೆ. ಮರಿ ಕಾಯುವವನ ಗುಂಡು ಬೇರೆ, ಎಣಿಕೆಯ ಗುಂಡು ಬೇರೆ.

ನವಾಹೋ ಜನ ಕಯೋಟಿಯ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ, ಗೊತ್ತೇ? ಆದ್ದರಿಂದ ನಾನೂ ಇದನ್ನು ಸಂಕ್ರಾಂತಿಗೆ ಮೊದಲೇ ಬರೆದು ಮುಗಿಸಬೇಕೆಂದಿದ್ದೇನೆ.

ಅಯ್ಯೋ, ನರಿಯ ಮಾತೇ ಬಿಟ್ಟುಹೋಗುತ್ತಿತ್ತು! ಕಯೋಟಿಗೆ ಹೆದರುವ ಕೆಂಪುನರಿ ಅಲ್ಲೆಲ್ಲ ಮನುಷ್ಯರ ಮನೆಯ ಹತ್ತಿರವೇ ಬಿಲ ಮಾಡುತ್ತದೆ. ಸಂಜೆ ಕಣಜದ ಹಿಂದೆ ನಿಂತು, ಬಂದೂಕು ಗಾಡಿಯಲ್ಲೇ ಬಿಟ್ಟು, ಅವರು ತಮ್ಮ ಅಂಗೈ ಹಿಂಬದಿಗೆ ತುಟಿಯೊತ್ತಿ ಚೀಪಿದರು. ಕಿಚಿಕಿಚಿ, ಇಲಿಯ ದನಿ. ಅಷ್ಟಕ್ಕೇ ನರಿ ಬಂದು ತಲೆ ವಾಲಿಸಿ ನಿಂತಿತು. ಹಿಮದಡಿಯ ಇಲಿ ಕೆರೆಯುವ ಸದ್ದನ್ನೂ ಕೇಳುವ ಕಿವಿ ಅದರದ್ದು. ನರಿಮುಖ ನೋಡಿದರೆ ಅದೃಷ್ಟವೆಂದು ನಮ್ಮೂರಲ್ಲಿ ಅನ್ನುವುದನ್ನು ಹೇಳಿದೆ. ‘ಹಾಗಾದರೆ ಚೆನ್ನಾಗಿ ನೋಡಿಕೊಳ್ಳಿ’ ಎಂದರು.

ಹೊರಡುವಾಗ ಒಂದು ಪೀಪಿ ಕೊಟ್ಟರು. ಮೈಸೂರಿನ ಮನೆಯ ತಾರಸಿಯಲ್ಲಿ ಮೊಮ್ಮಗ ಅದನ್ನು ಒಮ್ಮೆ ಊದಿದ. ಮೊದಲು ಬಂದದ್ದು ಕಾಗೆ, ಆಮೇಲೆ ಇನ್ನೂ ಮೂರು. ತುಸು ಹೊತ್ತಿಗೆ ಎದುರು ಮನೆಯ ಬೆಕ್ಕು ಕಾಂಪೌಂಡಿನ ಮೇಲೆ ಹತ್ತಿ, ಕಿವಿ ಎರಡನ್ನೂ ನಮ್ಮತ್ತ ನೆಟ್ಟು ಕೂತಿತು.