ಪಾರಸಿಕ ಬೆಕ್ಕೂ ಸಸ್ಯಾಹಾರದ ಮನೆಯೂ

ಬೆಕ್ಕನ್ನು ಆರಿಸಿ ತರುವುದೆಂಬುದು ನಮ್ಮ ಹಿರಿಯರ ಕಾಲದಲ್ಲಿ ಕೇಳಿದ ಮಾತಲ್ಲ. ಕಣಜದಲ್ಲಿ ದವಸವಿದ್ದಿತು, ದವಸವಿದ್ದೆಡೆ ಇಲಿ, ಇಲಿಯಿದ್ದೆಡೆ ಬೆಕ್ಕು. ತನಗೊಪ್ಪಿದ ಮನೆಯನ್ನು ಅದೇ ಹುಡುಕಿಕೊಂಡು ಬರುತ್ತಿದ್ದಿತು. ಸಂಜೆಗೊಂದು ಬಟ್ಟಲು ಹಾಲನ್ನವಿಟ್ಟರೆ ಗೃಹಿಣಿಯ ಕರ್ತವ್ಯ ತೀರುತ್ತಿದ್ದಿತು. ಮಲ್ಲೇಶ್ವರದ ಮೂರನೆಯ ಅಂತಸ್ತಿನಲ್ಲಿ, ಕಣಜವೂ ಇಲಿಯೂ ಇಲ್ಲದ ಮನೆಯಲ್ಲಿರುವ ನಮಗೆ ಮಾತ್ರ ಆಯ್ಕೆಯ ಪ್ರಶ್ನೆ ಎದುರಾಯಿತು. ಮಗಳು ಎಲ್ಲಿಯೋ ಚಿತ್ರ ನೋಡಿ, “ಸಾಕಿದರೆ ಪರ್ಷಿಯನ್ ಬೆಕ್ಕನ್ನೇ ಸಾಕಬೇಕು” ಎಂದು ಹಟ ಹಿಡಿದಳು. “ಬೀದಿಯಲ್ಲಿ ಬೇಕಾದಷ್ಟು ಮರಿಗಳಿರುವಾಗ ಹಣ ತೆತ್ತು ಬೆಕ್ಕು ತರುವುದೇ!” ಎಂದರು ನಮ್ಮ ಯಜಮಾನರು. ಅತ್ತೆಯವರು ಏನನ್ನೂ ಹೇಳಲಿಲ್ಲ. ಅವರ ಮೌನದ ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಬೆಕ್ಕಿನ ಕುಲಗೋತ್ರ ವಿಚಿತ್ರವಾದುದು. 17ನೆಯ ಶತಮಾನದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಪಾರಸಿಕ ದೇಶದ ಖೊರಾಸಾನದ ನೀಳಗೂದಲ ಬೆಕ್ಕುಗಳನ್ನು ಬಣ್ಣಿಸಿದ್ದಾನೆ. 1871ರಲ್ಲಿ ಹ್ಯಾರಿಸನ್ ವಿಯರ್ ಎಂಬಾತ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನದಲ್ಲಿ ಇವು ಕಣ್ಣು ಸೆಳೆದವು. ಆದರೆ ಇಂದಿನ ಪರ್ಷಿಯನ್ ಬೆಕ್ಕಿನ ಆನುವಂಶಿಕ ಗುಣಗಳನ್ನು ಪರೀಕ್ಷಿಸಿದವರು, ಅದರ ಸಮೀಪದ ಬಂಧುಗಳು ಪಶ್ಚಿಮ ಯೂರೋಪಿನ ಬೆಕ್ಕುಗಳೆಂದು ಕಂಡಿದ್ದಾರೆ. ಹೆಸರು ಮಾತ್ರ ಪಾರಸಿಕರದು! ಆಗಿನ ಚಿತ್ರಗಳಲ್ಲಿ ಇವಕ್ಕೆ ಸಾಕಷ್ಟು ಮೂಗಿದ್ದಿತು. ಮುಖವನ್ನು ಚಪಾತಿಯಂತೆ ಚಪ್ಪಟೆಯಾಗಿಸಿದುದು 20ನೆಯ ಶತಮಾನದ ಷೋಕಿ.

ಈ ಷೋಕಿಗೆ ಬೆಲೆ ತೆರುವುದು ಬೆಕ್ಕು. ಮೂಗು ಒಳಸೇರಿದಷ್ಟೂ ಉಸಿರಾಟ ಕಷ್ಟ. ಕಣ್ಣೀರು ಹರಿಯುವ ನಾಳ ಸೊಟ್ಟಗಾಗಿ ಸದಾ ಕಣ್ಣು ಸೋರುತ್ತದೆ. ಹಲ್ಲುಗಳು ಒತ್ತಾಗಿ ಬೆಳೆಯುತ್ತವೆ. ಆದ್ದರಿಂದ ಮೂಗು ಎದ್ದು ಕಾಣುವ, ‘ಗೊಂಬೆ ಮುಖ’ ಎಂದು ಕರೆಯುವ ಮರಿಯನ್ನೇ ತರಬೇಕೆಂದು ನಾನು ಪಟ್ಟು ಹಿಡಿದೆ. ಇನ್ನೊಂದು ಕಂಟಕ ಕಣ್ಣಿಗೆ ಕಾಣದು. ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಬೆಳೆದು ಕ್ರಮೇಣ ಅವು ಕೆಲಸ ನಿಲ್ಲಿಸುವ ರೋಗ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ತಾಯಿತಂದೆಗಳಲ್ಲಿ ಒಂದಕ್ಕಿದ್ದರೂ ಮರಿಗೆ ಬರಬಹುದು. ಅದಕ್ಕೆ ಕಾರಣವಾದ ದೋಷವನ್ನು 2004ರಲ್ಲಿ ಗುರುತಿಸಿದ ಮೇಲೆ, ಕೆನ್ನೆಯ ಒಳಗಿನಿಂದ ತುಸು ಮಾದರಿ ತೆಗೆದು ಪರೀಕ್ಷಿಸುವುದು ಸಾಧ್ಯವಾಗಿದೆ. ನಾವು ಮೊದಲು ಹೋದ ಅಂಗಡಿಯಲ್ಲಿ ಈ ಪರೀಕ್ಷೆಯ ಮಾತೆತ್ತಿದಾಗ ಅಂಗಡಿಯಾತ ನಕ್ಕುಬಿಟ್ಟ. ತಾಯಿಬೆಕ್ಕನ್ನು ತೋರಿಸೆಂದರೆ ಅದೂ ಇಲ್ಲ. ಎರಡು ತಿಂಗಳು ಕಾದು, ತಾಯಿಯನ್ನೂ ಪರೀಕ್ಷೆಯ ಕಾಗದವನ್ನೂ ತೋರಿಸಿದ ಒಂದು ಕುಟುಂಬದಿಂದ ಹನ್ನೆರಡು ವಾರದ ಮರಿಯನ್ನು ತಂದೆವು.

ಇನ್ನು ಅತ್ತೆಯವರ ಮೌನ. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ನಾಲ್ಕು ತಲೆಮಾರಿನ ಅಡಿಗೆಮನೆಯ ನಿಯಮ ಅವರ ಕೈಯಲ್ಲಿತ್ತು. ಬೆಕ್ಕಾದರೋ ಮಾಂಸಾಹಾರಿ. ಹಾಲನ್ನ ತಿಂದು ಬದುಕಿದ ಹಳೆಯ ಬೆಕ್ಕುಗಳು ಕತ್ತಲಾದ ಮೇಲೆ ಅಟ್ಟದಲ್ಲಿ ಏನು ಮಾಡುತ್ತಿದ್ದವೆಂದು ಯಾರೂ ಕೇಳುತ್ತಿರಲಿಲ್ಲ! ಮನೆಯೊಳಗೇ ಇರುವ ಬೆಕ್ಕಿಗೆ ಆ ದಾರಿಯೂ ಇಲ್ಲ. ಟಾರೀನ್ ಎಂಬ ವಸ್ತುವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸದಲ್ಲುಂಟು, ಬೇಳೆಕಾಳುಗಳಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕು ಕುರುಡಾಗುವುದೆಂದು 1975ರಲ್ಲಿಯೂ ಹೃದಯ ಸೋಲುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿದರು. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಜೀರ್ಣವೇ ಆಗದು. ಪಶುವೈದ್ಯರು ಇದನ್ನೆಲ್ಲ ವಿವರಿಸಿದ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರಿಯನ್ನು ಹಿಂದಕ್ಕೆ ಕೊಟ್ಟುಬಿಡೋಣವೆಂದು ಯಜಮಾನರು. ಮಗಳ ಕಣ್ಣಲ್ಲಿ ನೀರು. “ಮೊಸರನ್ನಕ್ಕೆ ಏನಾದರೂ ಔಷಧಿ ಬೆರೆಸಿದರಾಗದೆ, ಅಮ್ಮಾ?” ಎಂದು ಯಜಮಾನರು ಕೊನೆಗೊಮ್ಮೆ ಕೇಳಿದರು.

“ಹುಲಿಯ ಜಾತಿಗೆ ಏಕಾದಶಿ ಮಾಡಿಸಹೊರಟೆಯೇನೋ?” ಎಂದರು ಅತ್ತೆಯವರು. “ದೇವರು ಅದಕ್ಕೆ ಕೊಟ್ಟ ಹಲ್ಲನ್ನು ನೋಡು. ನಮ್ಮ ವ್ರತ ನಮಗೆ. ತಂದ ಮೇಲೆ ಅದರ ಊಟ ಅದಕ್ಕೆ ಹಾಕಬೇಕು.”

ಹಿಂಬದಿಯ ಬಾಲ್ಕನಿಯಲ್ಲಿ ಅದಕ್ಕೊಂದು ಬೇರೆ ತಟ್ಟೆ, ಬೇರೆ ಸೌಟು, ಬೇರೆ ಡಬ್ಬ ಆದವು. ಮೀನು ಕೋಳಿಗಳಿಂದ ತಯಾರಾದ ಒಣ ಆಹಾರದ ಕಾಳುಗಳನ್ನು ನಾನು ಅಳೆದು ಹಾಕುತ್ತೇನೆ. ಡಬ್ಬ ಅಡಿಗೆಮನೆಯತ್ತ ಸುಳಿಯುವುದಿಲ್ಲ. ಬಾಲ್ಕನಿಗೆ ಬಲೆ ಕಟ್ಟಿಸಿದೆವು. ಮೂರನೆಯ ಅಂತಸ್ತಿನಿಂದ ಬಿದ್ದರೆ ಬೆಕ್ಕಿಗೂ ಕಾಲು ಮುರಿಯುತ್ತದೆ. ಕುಂಡದಲ್ಲಿದ್ದ ಲಿಲ್ಲಿ ಗಿಡವನ್ನು ನೆರೆಯವರಿಗೆ ಕೊಟ್ಟೆವು. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡಕ್ಕೆ ಅಪಾಯ. ಹುಚ್ಚುನಾಯಿ ರೋಗದ ಚುಚ್ಚುಮದ್ದು, ಸಂತಾನಹರಣ ಚಿಕಿತ್ಸೆ ಆದವು. ಮರಳಿನ ತಟ್ಟೆಯನ್ನು ದಿನವೂ ಚೊಕ್ಕಟ ಮಾಡುವುದು ಮಗಳ ಪಾಲು.

ಆದರೆ ನಿಜವಾದ ಕೆಲಸ ಕೂದಲಿನದು. ದಿನವೂ ಅಗಲ ಹಲ್ಲಿನ ಲೋಹದ ಬಾಚಣಿಗೆಯಿಂದ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯಡಿ ಕಂಬಳಿಯಂತೆ ಗಂಟುಕಟ್ಟಿ ಚರ್ಮವನ್ನೇ ಎಳೆಯುತ್ತದೆ. ಕಾದಾರಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣಂಚನ್ನು ಒರೆಸಬೇಕು. ಚೈತ್ರ ವೈಶಾಖದ ಬಿಸಿಲಿನಲ್ಲಿ ಪಂಖದ ಕೆಳಗೆ ತಣ್ಣನೆಯ ನೆಲ ಬಿಟ್ಟುಕೊಡಬೇಕು. ದಿನಕ್ಕೆ ಅರ್ಧ ಗಂಟೆಯ ವ್ಯವಧಾನವಿಲ್ಲದವರು ಗಿಡ್ಡ ಕೂದಲಿನ ನಾಡಮರಿಯನ್ನು ತರುವುದೇ ಲೇಸೆಂದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ಯಜಮಾನರ ಮಾತು ಸುಳ್ಳಲ್ಲ.

ಬೆಕ್ಕಿಗೀಗ ನಾಲ್ಕು ವರ್ಷ. ಹೆಸರು ಮಲ್ಲಿಗೆ. ನನ್ನ ಕೈಯಲ್ಲಿ ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತದೆ, ಮಗಳಿಗೆ ಪರಚುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅತ್ತೆಯವರು ಬಾಲ್ಕನಿಯಲ್ಲಿ ಚಾಪೆ ಹಾಸಿ ಕುಳಿತರೆ ಮಾತ್ರ ತಾನಾಗಿ ಬಂದು ತೊಡೆಯೇರಿ, ಹೊಟ್ಟೆ ಮೇಲಾಗಿ ಮಲಗುತ್ತದೆ. ಅವರು ಬಾಚಿ ಮುಗಿಸಿ, ಕೂದಲನ್ನು ಕಾಗದದಲ್ಲಿ ಸುತ್ತಿಟ್ಟು, ಎರಡನೆಯ ಸಲ ಸ್ನಾನಕ್ಕೆ ಹೋಗುತ್ತಾರೆ. ಮಡಿಸೀರೆ ಬೀರುವಿನಲ್ಲಿ ಬೀಗ ಹಾಕಿಕೊಂಡು ಕಾದಿರುತ್ತದೆ.